ಜರ್ಸಿ ಬದಲಿಸಿದವನು

"ಹೊಳೆಯಾಚೆಯ ರಾಮನಗರದ ತಂಡ ಬಿಟ್ಟು ಬಂದವನನ್ನ ತಂದು ನಮ್ಮ ಗೋಲಿನಲ್ಲಿ ನಿಲ್ಲಿಸ್ತಾರಂತೆ. ನಾಳೆ ಅವನು ನಮ್ಮನ್ನೂ ಬಿಟ್ಟು ಹೋಗ್ತಾನೆ, ಬರೆದಿಟ್ಟುಕೊಳ್ಳಿ!"

ಕಾಶಿಯ ಲಂಕಾ ಬಡಾವಣೆಯ ಚಹಾದಂಗಡಿಯ ಬೆಂಚಿನ ಮೇಲೆ ಕೂತು ವಚನಾ ಹಿಂದಿಯಲ್ಲಿ ಗುಡುಗುತ್ತಿದ್ದಳು. ಸುತ್ತ ನೆರೆದವರೆಲ್ಲ ಅಸ್ಸಿ ತರುಣ ಮಂಡಳ ಎಂಬ ಫುಟ್‌ಬಾಲ್ ತಂಡದ ಅಭಿಮಾನಿಗಳು. ಹೊಸ ಸೀಸನ್ನಿಗೆ ತಂಡಕ್ಕೆ ಯಾರು ಬಂದರು, ಯಾರು ಹೋದರು, ಯಾರು ಹೋಗಬಾರದಿತ್ತು... ಆ ಸಂಜೆಗಳಲ್ಲಿ ಅವರಿಗೆ ಬೇರೆ ಮಾತೇ ಇರಲಿಲ್ಲ. ಪಕ್ಕದಲ್ಲೇ ಪುಸ್ತಕದಂಗಡಿ ಇಟ್ಟಿದ್ದ ರಘುನಂದನ ಅಭಿಮಾನಿಗಳ ಹಿರಿಯ. ಆದರೆ ಮಾತಿಗೆ ನಿಂತರೆ ವಚನಾಳ ಎದುರು ಅವನೂ ಸುಮ್ಮನಾಗುತ್ತಿದ್ದ.

ಮೂಲೆಯಲ್ಲಿ ಕೂತಿದ್ದ ಅಪರಿಚಿತನೊಬ್ಬ ಚಹಾದ ಮಣ್ಣಿನ ಕುಲ್ಹಡ್ ಕೆಳಗಿಟ್ಟ. ತಂಡ ಆಟಗಾರನನ್ನು ಕೈಬಿಟ್ಟರೆ ಅದನ್ನು ತೀರ್ಮಾನ ಅನ್ನುತ್ತೀರಿ, ಆಟಗಾರ ತಂಡವನ್ನು ಬಿಟ್ಟರೆ ಮಾತ್ರ ದ್ರೋಹ ಯಾಕೆ ಎಂದು ಹಿಂದಿಯಲ್ಲೇ ತಣ್ಣಗೆ ಕೇಳಿದ.

ವಚನಾಳಿಗೆ ಸಿಟ್ಟು ಬಂತು. ಅದೇ ಸಿಟ್ಟಿಗೆ ಮುಖ ತಿರುಗಿಸಿ ಕನ್ನಡದಲ್ಲಿ ಗೊಣಗಿಕೊಂಡಳು: "ಎಲ್ಲಿಂದ ಬರ್ತಾವೋ ಇಂಥಾವು..."

"ರಾಮನಗರದಿಂದ ಬಂದೀನ್ರಿ," ಎಂದ ಅವನು, ಕನ್ನಡದಲ್ಲೇ. "ನಿಮ್ಮ ಹೊಸಾ ಗೋಲ್‌ಕೀಪರ್ ನಾನ."

ವಚನಾಳ ಕೆನ್ನೆ ಬಿಸಿಯಾಯಿತು. ಅವನು ನಗಲಿಲ್ಲ. ಆದರೆ ಕಣ್ಣಲ್ಲಿ ನಗು ಇತ್ತು. ಆ ಕಣ್ಣನ್ನು ಅವಳು ಆ ರಾತ್ರಿಯೆಲ್ಲ ಬೈದಳು... ಮರೆಯಲು ಮಾತ್ರ ಆಗಲಿಲ್ಲ.

ಅವನ ಹೆಸರು ಸಂಕರ್ಷಣ. ತಂದೆ ವೇದವ್ಯಾಸಾಚಾರ್ಯರು ಹನುಮಾನ್ ಘಾಟಿನಲ್ಲಿ ದಕ್ಷಿಣದ ಯಾತ್ರಿಕರಿಗೆ ಪಿತೃಕಾರ್ಯ ಮಾಡಿಸುವ ಪುರೋಹಿತರು. ವಚನಾಳ ತಂದೆ ಶಿವಮೂರ್ತಯ್ಯ ಕನ್ನಡದ ಮಠವೊಂದರಲ್ಲಿ ಯಾತ್ರಿಕರ ಕೋಣೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಇಬ್ಬರೂ ಕಾಶಿಯಲ್ಲೇ ಹುಟ್ಟಿ ಬೆಳೆದವರು. ಮನೆಯ ಹೊಸ್ತಿಲು ದಾಟಿದರೆ ಕನ್ನಡಕ್ಕೆ ಕೆಲಸವಿಲ್ಲದ ಊರಿನಲ್ಲಿ ಒಬ್ಬರಿಗೆ ಇನ್ನೊಬ್ಬರು ಸಿಕ್ಕಿದ್ದರು.

ಸಂಕರ್ಷಣ ಆ ಸೀಸನ್ ಪೂರ್ತಿ ಗೋಡೆಯಂತೆ ನಿಂತ. ಲಂಕಾದ ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ವಚನಾ ತರಗತಿ ಮುಗಿದ ಮೇಲೆ ಅವನ ಜೊತೆ ಅಸ್ಸಿ ಘಾಟಿನವರೆಗೆ ನಡೆದುಕೊಂಡು ಹೋಗುವುದು ರೂಢಿಯಾಯಿತು. ಅವಳು 'ಐತಿ' ಅಂದರೆ ಅವನು 'ಅದ' ಅಂದು ಕಾಡಿಸುತ್ತಿದ್ದ. 'ನೀವು' ಹೋಗಿ 'ನೀ' ಬಂತು. ಅವನದು ಆಚಾರ್ಯರ ಮನೆತನ, ಅವಳದು ಜಂಗಮರ ಮನೆತನ. ಮನೆಯಲ್ಲಿ ಹೇಳುವುದು ಹೇಗೆ ಎಂಬ ಭಯ ಇಬ್ಬರಿಗೂ ಇತ್ತು. ಮೊದಲು ಅಪ್ಪನಿಗೆ ಹೇಳುತ್ತೇನೆ, ಅವರು ಹೊರಗೆ ಕಾಣುವಷ್ಟು ಗಟ್ಟಿ ಅಲ್ಲ ಎಂದು ಸಂಕರ್ಷಣ ಹೇಳುತ್ತಿದ್ದ. ದೀಪಾವಳಿಗೆ ಹೇಳುವುದು ಸಂಕ್ರಾಂತಿಗೆ ಹೋಯಿತು, ಸಂಕ್ರಾಂತಿಯದು ಯುಗಾದಿಗೆ.

ಮರುವರ್ಷದ ಶ್ರಾವಣದಲ್ಲಿ ಒಂದು ದಿನ ಅವನು ಫೋನಿನಲ್ಲಿ ಹೇಳಿದ, ಅಪ್ಪನಿಗೆ ಆರಾಮಿಲ್ಲ, ಸ್ವಲ್ಪ ದಿನ ಬರಲಾಗುವುದಿಲ್ಲ ಎಂದು. ಮಕ್ಕಳ ಪರೀಕ್ಷೆಯ ಗಡಿಬಿಡಿಯಲ್ಲಿದ್ದ ವಚನಾ ಹುಷಾರು ಎಂದಷ್ಟೇ ಹೇಳಿ ಫೋನಿಟ್ಟಳು. ಏನಾಗಿದೆ ಎಂದು ಕೇಳಲಿಲ್ಲ. ಮಳೆಗಾಲದ ಜ್ವರ ಇರಬೇಕು ಎಂದುಕೊಂಡಳು. ಅವನೂ ಬಿಡಿಸಿ ಹೇಳುವ ಸ್ವಭಾವದವನಲ್ಲ.

ಕೆಲವು ದಿನಗಳ ನಂತರ ಅಭಿಮಾನಿಗಳ ಗ್ರೂಪಿನಲ್ಲಿ ಒಂದು ಫೋಟೋ ಬಂತು.

ಸಂಕರ್ಷಣ. ಮೈಮೇಲೆ ನೀಲಿ ಜರ್ಸಿ. ಶಿವಪುರ ಸ್ಪೋರ್ಟಿಂಗ್!

ಆಡಿದಾಗಲೆಲ್ಲ ಹೊಡೆದಾಟದವರೆಗೆ ಹೋಗುವ ಎದುರಾಳಿ ತಂಡ. ವಚನಾ ಫೋಟೋವನ್ನು ಮತ್ತೆ ಮತ್ತೆ ನೋಡಿದಳು. ನನಗೂ ಒಂದು ಮಾತು ಹೇಳಲಿಲ್ಲ... ಊರಿನವರ ಜೊತೆ ನಾನೂ ಫೋಟೋ ನೋಡಿ ತಿಳಿದುಕೊಳ್ಳಬೇಕಾಯಿತು... ಅವನ ಕರೆ ಬಂತು. ಎತ್ತಲಿಲ್ಲ. ಮತ್ತೆ ಬಂತು. ಫೋನ್ ಆಫ್ ಮಾಡಿದಳು.

ಆ ಸಂಜೆ ಚಹಾದಂಗಡಿ ತುಂಬಿ ರಸ್ತೆಗೆ ಚೆಲ್ಲಿತ್ತು. ಶಿವಪುರದವರು ಎಷ್ಟು ಕೊಟ್ಟರೋ ಎಂದು ಒಬ್ಬ ಕೇಳಿದರೆ, ಎರಡು ವರ್ಷದಲ್ಲಿ ಮೂರು ಜರ್ಸಿ ಎಂದು ಇನ್ನೊಬ್ಬ. ಆಟಗಾರನಿಗೂ ಅವನದೇ ಬದುಕು ಇರುತ್ತದೆ, ಕಾರಣ ಕೇಳೋಣ ಎಂದು ರಘುನಂದನ ಹೇಳಲು ಹೋದ. ಅವನ ಮಾತನ್ನು ತುಂಡರಿಸಿ ವಚನಾ ಎದ್ದು ನಿಂತಳು. ಯಾರೋ ಮೊಬೈಲಿನಲ್ಲಿ ವಿಡಿಯೋ ಹಿಡಿದರು.

ಮಾತಾಡುತ್ತಿರುವಾಗಲೇ ಅವಳ ಕಣ್ಣು ಗುಂಪಿನ ಹಿಂದೆ ಹೋಯಿತು. ಅಲ್ಲಿ ಸಂಕರ್ಷಣ ನಿಂತಿದ್ದ. ಅವಳನ್ನು ಹುಡುಕಿಕೊಂಡು ಬಂದಿದ್ದನೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ನಿದ್ದೆಗೆಟ್ಟ ಕಣ್ಣು, ಕ್ಷೌರ ಕಾಣದ ಗಡ್ಡ.

ಅವಳು ನೋಡಿದಳು. ನೋಡಿಯೂ ದನಿ ಏರಿಸಿದಳು.

ಸತ್ತವರ ಮನೆಯ ದಕ್ಷಿಣೆ ಎಣಿಸುತ್ತ ಬೆಳೆದವನಿಗೆ ಜರ್ಸಿಯ ಬಣ್ಣ ಯಾವುದಾದರೇನು ಎಂದಳು. ಯಾರು ಹೆಚ್ಚು ಕೊಡುತ್ತಾರೋ ಅವರ ಹೆಸರಿಗೆ ಮಂತ್ರ ಹೇಳುವುದೇ ಆ ಮನೆಯ ಕಸುಬು ಎಂದಳು.

ಜನ ಚಪ್ಪಾಳೆ ತಟ್ಟಿದರು. ಸಂಕರ್ಷಣ ಅಲ್ಲಿಂದ ಹೊರಟುಹೋದ.

ಆ ವಿಡಿಯೋ ರಾತ್ರಿಯೊಳಗೆ ಊರೆಲ್ಲ ಸುತ್ತಿತು. ಬೆಳಿಗ್ಗೆ ಎದ್ದು ತನ್ನ ದನಿಯನ್ನು ತಾನೇ ಕೇಳಿದಾಗ ವಚನಾ ವಿಡಿಯೋವನ್ನು ಅರ್ಧಕ್ಕೇ ನಿಲ್ಲಿಸಿದಳು. ಆದರೂ ಅವನೇ ಮೊದಲು ಮಾತಾಡಲಿ ಎಂದು ಕಾದಳು. ಅವನ ಕರೆ ಬರಲಿಲ್ಲ. ಮುಂದಿನ ವಾರವೇ ರಜೆ ಹಾಕಿ ಹುಬ್ಬಳ್ಳಿಯ ಸೋದರತ್ತೆಯ ಮನೆಗೆ ಹೋಗಿ ಕೂತಳು. ಮರಳಿ ಬಂದಾಗ ನವರಾತ್ರಿ ಮುಗಿದಿತ್ತು.

ಬಂದ ಮೂರು-ನಾಲ್ಕು ದಿನಕ್ಕೆ ಮಠದಲ್ಲಿ ಇಳಿದುಕೊಂಡಿದ್ದ ಗದಗಿನ ವಸುಮತಿಬಾಯಿ ಎಂಬ ವಯಸ್ಸಾದ ಹೆಂಗಸು ಗಂಡನ ಅಸ್ಥಿ ಬಿಡಬೇಕೆಂದರು. ಮಕ್ಕಳಿಲ್ಲ, ಜೊತೆಗೆ ಯಾರೂ ಬಂದಿಲ್ಲ. ಶಿವಮೂರ್ತಯ್ಯ ಮಗಳನ್ನು ಕರೆದು ಇವರನ್ನು ಹನುಮಾನ್ ಘಾಟಿಗೆ ಕರೆದುಕೊಂಡು ಹೋಗೆಂದರು. ಗಲ್ಲಿಯ ತುದಿಯವರೆಗೆ ಬಿಟ್ಟು ಬರೋಣ ಎಂದು ವಚನಾ ಹೊರಟಳು. ಆದರೆ ಆ ಹೆಂಗಸು ಅವಳ ಕೈ ಬಿಡಲಿಲ್ಲ.

ಮೆಟ್ಟಿಲಿಳಿದರೆ ನೀರಿನ ಅಂಚಿನಲ್ಲಿ ಒದ್ದೆ ಧೋತ್ರ ಉಟ್ಟು ದರ್ಭೆ ಹೊಂದಿಸುತ್ತ ಕೂತಿದ್ದವನು ಸಂಕರ್ಷಣ. ಬೋಳಿಸಿದ ತಲೆಯಲ್ಲಿ ಈಗಷ್ಟೇ ಕೂದಲು ಚಿಗುರಿತ್ತು.

ವಚನಾ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಮಗನ ತಲೆ ಹಾಗೆ ಬೋಳಾಗುವುದು ಯಾವಾಗೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಅವನು ಅವಳನ್ನು ನೋಡಿದ. ಮುಖದಲ್ಲಿ ಏನೂ ತೋರಗೊಡಲಿಲ್ಲ. ವಸುಮತಿಬಾಯಿಯನ್ನು ಕೂರಿಸಿ ಗಂಡನ ಹೆಸರು ಕೇಳಿದ. ಬದುಕಿನುದ್ದಕ್ಕೂ ಗಂಡನ ಹೆಸರು ಹೇಳದ ಆ ಹೆಂಗಸಿಗೆ ಬಾಯಿ ಬರಲಿಲ್ಲ. ಮೆಟ್ಟಿಲ ಮೇಲೆ ಇನ್ನೊಂದು ಕುಟುಂಬ ಕಾಯುತ್ತಿತ್ತು. ಅವನು ಅವಸರ ಮಾಡಲಿಲ್ಲ. ಹೊಳೆಯ ಕಡೆ ಮುಖ ಮಾಡಿ ನೀವೇ ಗಂಗೆಗೆ ಹೇಳಿರಿ, ನಾನು ಕೇಳಿಸಿಕೊಳ್ಳುತ್ತೇನೆ ಎಂದ. ಬಹಳ ಹೊತ್ತಿನ ಮೇಲೆ ಅವರು ಗಂಗೆಯ ಕಡೆ ತಿರುಗಿ ಆ ಹೆಸರು ಹೇಳಿ ಅತ್ತರು. ಅವರ ಪರವಾಗಿ ಎಲ್ಲವನ್ನೂ ಅವನೇ ಮಾಡಿದ. ದಕ್ಷಿಣೆಗೆ ಕೈಚೀಲ ತೆಗೆದಾಗ ಮೊದಲು ಊರು ಸೇರಿಕೊಳ್ಳಿ ಎಂದು ಕೈಮುಗಿದ.

ವಚನಾ ತಲೆ ಎತ್ತಲಾಗದೆ ನಿಂತಿದ್ದಳು.

"ಯಾವಾಗ?" ಎಂದು ಕೇಳಿದಳು ಕೊನೆಗೆ.

"ಗಣೇಶ ಚೌತಿ ಆದ ಮ್ಯಾಲೆ," ಎಂದಷ್ಟೇ ಹೇಳಿ ಅವನು ಕಾಯುತ್ತಿದ್ದವರ ಕಡೆ ಹೋದ.

ವಸುಮತಿಬಾಯಿಯನ್ನು ಮಠಕ್ಕೆ ಮುಟ್ಟಿಸಿ ಅವಳು ಮತ್ತೆ ಅದೇ ಗಲ್ಲಿಗೆ ಬಂದಳು. ಆಚಾರ್ಯರ ಮನೆಯ ಬಾಗಿಲು ತೆರೆದಿತ್ತು. ಸಂಕರ್ಷಣನ ತಾಯಿ ಅನಂತಲಕ್ಷ್ಮಿ ಹೊರಗೆ ಬಂದರು. ಅವಳು ಹೆಸರು ಹೇಳುವ ಮೊದಲೇ ಅವರು ಗುರುತು ಹಿಡಿದರು. ವಿಡಿಯೋದಲ್ಲಿ ನೋಡಿದ್ದ ಮುಖ.

"ಬಾ ಒಳಗ," ಎಂದರು. "ಬಾಗಿಲಾಗ ನಿಂತು ಅಳಬ್ಯಾಡ."

ಒಳಗೆ ಕೂರಿಸಿ, ಸಿಟ್ಟಿಲ್ಲದೆ, ಯಾರದೋ ಮನೆಯ ಸುದ್ದಿ ಹೇಳುವವರಂತೆ ಎಲ್ಲ ಹೇಳಿದರು. ಶ್ರಾವಣದಲ್ಲಿ ಆಚಾರ್ಯರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ದಿನಾ ಬೆಳಗಿನ ಜಾವದಿಂದ ಯಾತ್ರಿಕರು ಬರುವವರು. ಮಗನೇ ಘಾಟಿಗೆ ಇಳಿಯಬೇಕಾಯಿತು. ತರುಣ ಮಂಡಳದ ಅಭ್ಯಾಸವೂ ಬೆಳಿಗ್ಗೆಯೇ. ಅವನು ಹೋಗಿ ಕೋಚನ್ನು ಬೇಡಿಕೊಂಡ, ಒಬ್ಬನೇ ಸಂಜೆ ಅಭ್ಯಾಸ ಮಾಡುತ್ತೇನೆಂದ. ಬೆಳಿಗ್ಗೆ ಬರದವನಿಗೆ ತಂಡದಲ್ಲಿ ಜಾಗವಿಲ್ಲ ಎಂದುಬಿಟ್ಟರು. ಸಂಜೆ ಅಭ್ಯಾಸ ಮಾಡುವ ತಂಡ ಇದ್ದದ್ದು ಶಿವಪುರ ಒಂದೇ. ಹೆಸರು ಕೊಡುವ ಗಡುವು ಮುಗಿಯುತ್ತಿತ್ತು, ಅವನು ಆಸ್ಪತ್ರೆಯಿಂದಲೇ ಹೋಗಿ ಸಹಿ ಹಾಕಿ ಬಂದಿದ್ದ.

"ಆಚಾರ್ಯರೂ... ಆ ವಿಡಿಯೋ..." ಎಂದಳು ವಚನಾ.

"ನೋಡಿದರು. ಯಾರೋ ತಂದು ತೋರಿಸಿದರು. ದಕ್ಷಿಣೆ ಮಾತಿಗೆ ಮುಖಾ ಆ ಕಡೆ ಹೊಳ್ಳಿಸಿದರು." ಅನಂತಲಕ್ಷ್ಮಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಆಮ್ಯಾಲೆ ಮಗನ್ನ ಕರದು ಕೇಳಿದರು, ಇಷ್ಟು ಸಿಟ್ಟು ಮಾಡಬೇಕಾದ್ರ ಆ ಹುಡುಗಿ ನಿನಗ ಏನಾಗಬೇಕು ಅಂತ. ಅವತ್ತ ಅಂವಾ ಎಲ್ಲಾ ಹೇಳಿದ."

ವಚನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಚಾರ್ಯರ ಕಾಲಿಗೆ ಬಿದ್ದು ಕ್ಷಮೆ ಕೇಳೋಣವೆಂದರೆ ಆ ಕಾಲುಗಳೇ ಇಲ್ಲ. ಅಯ್ಯೋ... ಒಂದು ಸಲ, ಒಂದೇ ಒಂದು ಸಲ ಫೋನ್ ಎತ್ತಿದ್ದರೆ...

ಅವಳನ್ನು ಎಷ್ಟೋ ಹೊತ್ತು ಹಾಗೇ ಅಳಲು ಬಿಟ್ಟು ಅನಂತಲಕ್ಷ್ಮಿ ಒಂದು ಲೋಟ ನೀರು ತಂದಿಟ್ಟರು. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ಹಾಗೆ ಹೇಳಿದ್ದರೆ ಅವಳಿಗೂ ನಂಬಲಾಗುತ್ತಿರಲಿಲ್ಲ.

ಸಂಜೆ ವಚನಾ ಲಂಕಾದ ಚಹಾದಂಗಡಿಗೆ ಹೋದಳು. ತಾನು ನಿಂತು ಮಾತಾಡಿದ್ದ ಜಾಗದಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಮೊಬೈಲ್ ತೆಗೆಯಿರಿ, ಇದನ್ನೂ ಹಿಡಿಯಿರಿ ಎಂದಳು. ಅವನು ತಂಡ ಬಿಡಲಿಲ್ಲ, ತಂಡ ಅವನನ್ನು ಬಿಟ್ಟಿತು. ಸತ್ತವರಿಗೆ ನೀರು ಬಿಡಿಸುವ ಕೈಯನ್ನು ನಾನು ಹೀನಾಯ ಮಾಡಿದೆ, ಅದು ನನ್ನ ಬಾಯಿಯ ಹೊಲಸು ಎಂದಳು.

ಕೆಲವರು ತಲೆ ತಗ್ಗಿಸಿದರು. ಕೆಲವರು ಒಪ್ಪಲಿಲ್ಲ, ಏನೇ ಆಗಲಿ, ಶಿವಪುರಕ್ಕೆ ಹೋಗಬಾರದಿತ್ತು, ಒಂದು ವರ್ಷ ಆಡದೆ ಇರಬಹುದಿತ್ತು ಎಂದರು. ಈ ಎರಡನೆಯ ವಿಡಿಯೋ ಊರು ಸುತ್ತಲಿಲ್ಲ. ನಾಲ್ಕು ಜನ ನೋಡಿದರು, ಅಷ್ಟೇ. ರಘುನಂದನ ಮಾತ್ರ ಚಹಾ ತಂದು ಅವಳ ಕೈಗಿಟ್ಟು, ಕಾರಣ ಕೇಳೋಣ ಎಂದಿದ್ದೆನಲ್ಲ ಮಗಳೇ ಎಂದ, ಮೆಲ್ಲಗೆ.

ಎರಡು ದಿನ ಬಿಟ್ಟು ಬೆಳಿಗ್ಗೆ, ಯಾತ್ರಿಕರೆಲ್ಲ ಹೋದ ಮೇಲೆ, ಅವಳು ಹನುಮಾನ್ ಘಾಟಿಗೆ ಹೋದಳು. ಸಂಕರ್ಷಣ ಧೋತ್ರ ಹಿಂಡಿ ಮೆಟ್ಟಿಲ ಮೇಲೆ ಹರವುತ್ತಿದ್ದ. ಅವಳು ಎರಡು ಮೆಟ್ಟಿಲು ಕೆಳಗೆ ಕೂತಳು.

"ನಾ ನಿನ್ನ ನೋಡಿದ್ದೆ ಅವತ್ತು," ಎಂದಳು. "ನೀ ನಿಂತಿದ್ದು ಗೊತ್ತಿದ್ದೂ ಅಂದೆ. ಬಾಯಿ ತಪ್ಪಿ ಬಂದದ್ದಲ್ಲ. ನಿನಗ ನೋವಾಗ್ಲಿ ಅಂತನ ಅಂದೆ."

"ಗೊತ್ತು."

"ಕ್ಷಮಾ ಮಾಡು ಅಂತ ಕೇಳೂ ಮುಖ ಇಲ್ಲ ನನಗ."

ಅವನು ಹರವಿದ ಧೋತ್ರದ ಅಂಚನ್ನು ಎಳೆದು ಸರಿಮಾಡಿದ. ಹೊಳೆಯಲ್ಲಿ ದೋಣಿಯೊಂದು ಯಾತ್ರಿಕರನ್ನು ತುಂಬಿಕೊಂಡು ಮಣಿಕರ್ಣಿಕೆಯ ಕಡೆ ಹೋಯಿತು.

"ಅಪ್ಪ ಹೇಳಿದ್ರು," ಎಂದ ಕೊನೆಗೆ. "ಹೋಗಿ ಆ ಹುಡುಗಿಗೆ ಇದ್ದದ್ದು ಹೇಳು, ಕರಕೊಂಡು ಬಾ, ನಾ ನೋಡತೀನಿ ಅಂತ. ದಿನಾ ಕೇಳತಿದ್ರು, ಹೋದ್ಯಾ ಅಂತ. ನಾನ ಹೋಗಲಿಲ್ಲ. ಆಕಿ ಬರಲಿ ಅಂತ ಹಟ ಹಿಡದೆ. ಕಡೀಕ ಕೇಳೂದ ಬಿಟ್ರು." ಅವನು ಕಣ್ಣೊರೆಸಿಕೊಂಡ. "ನಿಂದು ಒಂದು ದಿನದ ಸಿಟ್ಟು, ವಚನಾ. ನಂದು ಎಷ್ಟು ದಿನದ್ದು ನೋಡು."

ಅವಳು ಎರಡು ಮೆಟ್ಟಿಲು ಮೇಲೆ ಬಂದು ಅವನ ಪಕ್ಕದಲ್ಲಿ ಕೂತಳು. ಇಬ್ಬರೂ ಅತ್ತರು. ಒಬ್ಬರು ಇನ್ನೊಬ್ಬರನ್ನು ಸಮಾಧಾನ ಮಾಡಲಿಲ್ಲ. ಸಮಾಧಾನ ಆಗುವಂಥದ್ದಾಗಿರಲಿಲ್ಲ ಅದು.

"ನೀ ಇಲ್ಲದ ನನಗ ಆಗೂದಿಲ್ಲ," ಎಂದಳು ಅವಳು. "ಇದನ್ನ ಅವರ ಮುಂದ ಹೇಳಬೇಕಾಗಿತ್ತು ನಾ."

"ಅಮ್ಮನ ಮುಂದ ಹೇಳು. ನಿಮ್ಮ ಅಪ್ಪನ ಮುಂದ ನಾ ಹೇಳತೀನಿ. ಈ ಸಲ ಹಬ್ಬಾ ನೋಡಿಕೋತ ಕೂಡೂದು ಬ್ಯಾಡ."

ಅವಳು ತಲೆಯಾಡಿಸಿದಳು. ಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು.

"ಐತವಾರ ತರುಣದ ಮ್ಯಾಲೆ ಆಟ ಅದ," ಎಂದ ಅವನು, ಸ್ವಲ್ಪ ಹೊತ್ತಿನ ಮೇಲೆ. "ಯಾರ ಕಡೆ ನೀನು?"

ವಚನಾ ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ತರುಣದ ಕಡೆನ. ಸಣ್ಣಾಕಿ ಇದ್ದಾಗಿಂದ ಅದ ನನ್ನ ತಂಡ. ಆದ್ರ ನಿನ್ನ ಗೋಲಿನ ಹಿಂದ ನಿಂತು ಎಲ್ಲಾರೂ ಬೈತಾರ. ಅದನ್ನ ಹೆಂಗ ಕೇಳ್ಲಿ?"

"ನೀನೂ ಅಲ್ಲೇ ನಿಂತು ಬೈ."

"ಬೈಯೂದಿಲ್ಲ ನಾ."

"ಬೈ," ಎಂದ ಸಂಕರ್ಷಣ, ಅವಳ ಕೈಯನ್ನು ತನ್ನ ಒದ್ದೆ ಕೈಯಲ್ಲಿ ಹಿಡಿದು. "ಕನ್ನಡದಾಗ ಬೈ. ಅಷ್ಟು ಮಂದಿಯೊಳಗ ನೀ ಎಲ್ಲಿದ್ದಿ ಅಂತ ನನಗ ಗೊತ್ತಾಗಲಿ."