ತಪ್ಪು ದಿಕ್ಕಿಗೆ ಹೋದ ಸೋರೆಬುರುಡೆ

ಬಹಳ ಹಿಂದೆ, ದಾರಿಗಳಿಗೂ ಹಸಿವಿದ್ದ ಕಾಲದಲ್ಲಿ, ಕೆಮ್ಮಣ್ಣುಸೀಮೆ ಎಂಬ ರಾಜ್ಯವಿತ್ತು. ಅದರ ಗುಡ್ಡದ ಗವಿಯಲ್ಲಿ ಹೊಗೆಗಣ್ಣ ಎಂಬ ಮಾಂತ್ರಿಕನಿದ್ದ. ಜನರ ನಡುವೆ ಸುದ್ದಿ ಓಡಾಡಿದರೆ ತನ್ನ ಆಟ ನಡೆಯದೆಂದು ಅವನು ಮಂತ್ರ ಹಾಕಿದ. ದಿನಾ ತಿರುಗುವ ದಾರಿ ಬಿಟ್ಟು ಯಾರಾದರೂ ಕಾಲಿಟ್ಟರೆ ದಾರಿಯೇ ಅವರನ್ನು ನುಂಗುತ್ತಿತ್ತು. ಕೇಳಿದ ಮಾತು ಕೂಡುದಾರಿ ದಾಟಿದೊಡನೆ ಮರೆತುಹೋಗುತ್ತಿತ್ತು. ಒಂದೇ ಒಂದು ಸುದ್ದಿ ಗುಡ್ಡದಿಂದ ಸೀಮೆಯ ಕೊನೆಯ ನಿಟ್ಟೂರಿಗೆ ಮುಟ್ಟಿದರೆ ಮಂತ್ರ ಮುರಿಯುತ್ತಿತ್ತು.

ಜನ ಸುಮ್ಮನೆ ಕೂರಲಿಲ್ಲ. ಸೋರೆಬುರುಡೆಯಲ್ಲಿ ಮಾತು ತುಂಬಿಟ್ಟುಕೊಂಡರು. ಬುರುಡೆಗೆ ಬುರುಡೆ ಹಚ್ಚಿದರೆ ಮಾತು ಅದಕ್ಕೂ ಇಳಿಯುತ್ತಿತ್ತು, ಇದರಲ್ಲೂ ಉಳಿಯುತ್ತಿತ್ತು. ಆದರೆ ಒಬ್ಬರಿಗೆ ಒಂದೇ ಬುರುಡೆ, ಬುರುಡೆಗೆ ಒಂದೇ ಮಾತು. ಹೊಸದು ಬೇಕಾದರೆ ಹಳೆಯದನ್ನು ಚೆಲ್ಲಬೇಕು.

ಗುಡ್ಡದಲ್ಲಿ ಸೀಗೆಕಾಯಿ ಆರಿಸುತ್ತಿದ್ದ ದ್ಯಾಮವ್ವನಿಗೆ ಒಂದು ದಿನ ಗವಿಯೊಳಗಿನ ನಗು ಕೇಳಿಸಿತು. "ಅಮಾವಾಸ್ಯೆ ಬೆಳಗ್ಗೆ ನಿಟ್ಟೂರಿನ ಬಾವಿ ನೀರು ಕುಡಿದವರೆಲ್ಲ ಕಲ್ಲು!"

ನಿಟ್ಟೂರಿನಲ್ಲಿ ಅವಳ ಮಗಳು ಸುಂಕವ್ವ ಇದ್ದಳು, ಮೊಲೆ ಕುಡಿಯುವ ಕೂಸಿತ್ತು. ದ್ಯಾಮವ್ವ ಮಗಳಿಗೆ ಮುಟ್ಟಬೇಕಾದ ಮಾತನ್ನು ತನ್ನ ಬುರುಡೆಗೆ ಕೂಗಿ ತುಂಬಿ, ದಿನಾ ಸೀಗೆಕಾಯಿ ಮಾರಲು ಹೋಗುವ ದಾರಿಯಲ್ಲೇ ಗುಡ್ಡದ ಬುಡದ ಅರಮನೆಗೆ ಓಡಿದಳು.

ಮಂತ್ರಿ ಮೀಸೆ ತಿರುವಿದ. "ಸುದ್ದಿ ಒಯ್ಯುವುದು ರಾಜಕುದುರೆಯ ಕೆಲಸ. ಕಂಡಕಂಡವರದಲ್ಲ."

ಸವಾರ ಹೊರಟ. ಮೊದಲ ತಿರುವಿನಲ್ಲೇ ದಾರಿ ಅವನನ್ನು ಕುದುರೆ ಸಮೇತ ನುಂಗಿತು.

"ಇನ್ನೂ ವೇಗದ ಕುದುರೆ ಹುಡುಕಿ," ಎಂದ ಮಂತ್ರಿ.

"ನೀವು ಹುಡುಕ್ತಾ ಇರಿ, ನನ್ನ ಮಗಳು ಕಲ್ಲಾಗಿರ್ತಾಳೆ!" ಎಂದು ಉಗಿದು ದ್ಯಾಮವ್ವ ಹೊರಬಿದ್ದಳು. ಅರಮನೆಯ ಬುದ್ಧಿಯೇ ಅಷ್ಟು. ಒಂದೇ ಕುದುರೆ, ಒಂದೇ ದಾರಿ. ಸತ್ತರೆ ಸಾಯುವವರು ಬೇರೆ ತಾನೆ.

ಅವಳು ಕೂಡುದಾರಿಯಲ್ಲಿ ನಿಂತಳು. ಉಪ್ಪಿನವಳು ಬಂದಳು, ಅವಳ ಬುರುಡೆಗೆ ಸುದ್ದಿ ಇಳಿಸಿದಳು. ಮೂಳೆ ಕಟ್ಟುವವನು ಬಂದ, ಅವನಿಗೂ ಇಳಿಸಿದಳು. ಇಬ್ಬರೂ ಮೂಡಣಕ್ಕೆ, ನಿಟ್ಟೂರಿನ ಕಡೆ ನಡೆದರು. ಆಮೇಲೆ ಕುರಿಗಾಹಿ ಮಾಳಪ್ಪ ಬಂದ.

"ಅಲ್ಲಕ್ಕಾ, ನನ್ನ ಕುರಿ ಹೊರಟಿರೋದು ಪಡುವಣಕ್ಕೆ. ತಲೆ ನೆಟ್ಟಗಿದೆಯಾ?"

"ನಿನಗೆ ಎದುರಾಗೋರು ಎಲ್ಲಿಗೆ ಹೋಗ್ತಾರೆ, ಗೊತ್ತಾ?"

"ಇಲ್ಲ."

"ನನಗೂ ಗೊತ್ತಿಲ್ಲ. ಹಿಡಿ ಬುರುಡೆ."

"ಇದರಲ್ಲಿ ನಮ್ಮತ್ತೆ ಬೈಗುಳ ಇದೆ. ಚೆಲ್ಲಿದರೆ ನಿನಗೇ ಪುಣ್ಯ," ಎಂದು ಅವನು ನಕ್ಕು ಬುರುಡೆ ಬೋರಲು ಹಾಕಿದ.

ಹೊಗೆಗಣ್ಣನಿಗೆ ವಾಸನೆ ಬಡಿಯಿತು. ಬುರುಡೆಯೊಳಗಿನ ದನಿ ತಿನ್ನುವ ಕಿವಿಹುಲಿಯನ್ನು ಬಿಟ್ಟ. ಅದು ದ್ಯಾಮವ್ವನ ಬುರುಡೆ ನೆಕ್ಕಿ ಬರಿದು ಮಾಡಿತು. ಉಪ್ಪಿನವಳದು ನೆಕ್ಕಿತು. ಮೂಳೆ ಕಟ್ಟುವವನದೂ ನೆಕ್ಕಿತು. ಮಾಳಪ್ಪನನ್ನು ಮೂಸಿಯೂ ನೋಡಲಿಲ್ಲ. ಪಡುವಣಕ್ಕೆ ಹೋಗುವವನು ನಿಟ್ಟೂರಿಗೆ ಏನು ಮುಟ್ಟಿಸಿಯಾನು? ಮಾಂತ್ರಿಕನ ಬುದ್ಧಿಯೂ ಮಂತ್ರಿಯ ಬುದ್ಧಿಯಷ್ಟೇ.

ಅಮಾವಾಸ್ಯೆಯ ಹಿಂದಿನ ದಿನ, ಪಡುವಣದ ಬಯಲಿನಲ್ಲಿ ಮಾಳಪ್ಪನಿಗೆ ಬಾಚಣಿಗೆ ಮಾರುವ ಫಕೀರಪ್ಪ ಎದುರಾದ.

"ಎಲ್ಲಿಗಣ್ಣಾ?"

"ನಿಟ್ಟೂರಿಗೆ."

ಮಾಳಪ್ಪ ಅವನ ದಾರಿಗಡ್ಡ ನಿಂತ. "ಬುರುಡೆ ಬರಿದು ಮಾಡು. ಬೇಗ!"

ಫಕೀರಪ್ಪ ಬುರುಡೆಯನ್ನು ಎದೆಗವಚಿಕೊಂಡ. "ಆಗೋದಿಲ್ಲ. ಇದರಲ್ಲಿ ನನ್ನ ನೀಲವ್ವ ಇದ್ದಾಳೆ. ತೀರಿಹೋಗಿ ವರ್ಷವಾಯ್ತು. ಚೆಲ್ಲಿದರೆ ಮುಂದಿನ ಕೂಡುದಾರಿಗೆ ಅವಳ ದನಿಯೂ ಮರೆತುಹೋಗುತ್ತೆ."

ಮಾಳಪ್ಪ ವಾದ ಮಾಡಲಿಲ್ಲ. ತನ್ನ ಬುರುಡೆಯನ್ನು ಅವನ ಕಿವಿಗೆ ಹಿಡಿದ. "ಸುಂಕವ್ವಾ, ಬಾವಿ ನೀರು ಮುಟ್ಟಬೇಡ! ಕುಡಿದವರು ಕಲ್ಲಾಗ್ತಾರೆ! ಊರಿಗೆಲ್ಲ ಹೇಳೇ!"

ಫಕೀರಪ್ಪ ಬುರುಡೆಯ ಬಿರಟೆ ತೆಗೆದು ಬೋರಲು ಹಾಕಿದ. "ಬೇಗ ಬನ್ರೀ, ಸಾರು ಆರಿಹೋಗುತ್ತೆ," ಎಂದಿತು ನೀಲವ್ವನ ದನಿ. ಗಾಳಿಯಲ್ಲಿ ಕರಗಿತು. ಮಾಳಪ್ಪ ಬುರುಡೆಗೆ ಬುರುಡೆ ಹಚ್ಚಿ ಸುದ್ದಿ ಇಳಿಸಿದ.

ಬೆಳಗಾಗುವಾಗ ಸುಂಕವ್ವ ಕೊಡದಿಂದ ಬೊಗಸೆ ತುಂಬಿ ತುಟಿಗೆ ತಂದಿದ್ದಳು. ಬೀದಿಯ ತುದಿಯಲ್ಲಿ ಫಕೀರಪ್ಪನ ಬುರುಡೆಯಿಂದ ಅವ್ವನ ದನಿ ಕೂಗಿತು. ಅವಳು ನೀರು ಚೆಲ್ಲಿದಳು. ನೀರು ಬಿದ್ದ ಕಡೆ ಇರುವೆ ಸಾಲು ಕಲ್ಲಾಯಿತು.

ಸುದ್ದಿ ಮುಟ್ಟಿತ್ತು. ದಾರಿಗಳು ನುಂಗಿದವರನ್ನೆಲ್ಲ ಕಾರಿಕೊಂಡವು. ಕಿವಿಹುಲಿ ಹೊಟ್ಟೆ ಬಿರಿದು ಸತ್ತಿತು. ಮುರಿದ ಮಂತ್ರ ಹೊಗೆಗಣ್ಣನನ್ನೇ ಹಿಡಿದು ಗವಿಯಲ್ಲಿ ಕಲ್ಲು ಮಾಡಿತು. ಅರಸ ರಾಜಕುದುರೆಗೆ ಸನ್ಮಾನ ಮಾಡಿದ. ಜನ ಬಿದ್ದುಬಿದ್ದು ನಕ್ಕು, ಇನ್ನು ಮೇಲೆ ಸುದ್ದಿ ನಮ್ಮದು ಎಂದು ಅವನ ಮುಖಕ್ಕೇ ಹೇಳಿದರು.

ಫಕೀರಪ್ಪ ನೀಲವ್ವನ ದನಿಯಿಲ್ಲದ ಬುರುಡೆ ಹಿಡಿದು ಬಾವಿಕಟ್ಟೆಯ ಮೇಲೆ ಕೂತಿದ್ದ. ಮರೆವಿನ ಮಂತ್ರವೂ ಹೋಗಿತ್ತಲ್ಲ, ಬುರುಡೆ ಇಲ್ಲದೆಯೇ ಅವನ ಕಿವಿಯಲ್ಲಿ ಆ ದನಿ ಎದ್ದಿತು. ಬೇಗ ಬನ್ರೀ. ಅವನು ಅಳುತ್ತ ನಕ್ಕ.

ಅಷ್ಟರಲ್ಲಿ, ತೆರೆದ ದಾರಿಯಲ್ಲಿ ಓಡೋಡಿ ಊರು ಮುಟ್ಟಿದ್ದ ತಾಯಿಯೊಡನೆ ಬಂದ ಸುಂಕವ್ವ ಅವನ ತೋಳು ಹಿಡಿದು ಎಬ್ಬಿಸಿದಳು. "ಏಳಣ್ಣಾ, ಹೊಳೆ ನೀರಲ್ಲಿ ಸಾರು ಮಾಡಿದೀನಿ. ಬಿಸಿ ಇದೆ."

ಆ ದಿನ ನಿಟ್ಟೂರಿನಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು. ಆಮೇಲೂ ಉಂಡುಟ್ಟು ಸುಖವಾಗಿದ್ದರು.