ಗುಂಡಿಗೆ ಮೊದಲೇ ಬರುವ ಸದ್ದು

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಆದರೆ ಕಾರುಗಳ ಕೆಳಗೆ ಮಲಗಿ ನಲವತ್ತು ವರ್ಷ ಕಳೆದವನು. ಕಿರುಗುಟ್ಟುವ ಸದ್ದು ರಬ್ಬರ್ ಬುಷ್‌ನದೋ ಸ್ಪ್ರಿಂಗ್‌ನದೋ ಎಂದು ಕಿವಿಯೇ ಹೇಳುತ್ತದೆ.

ಗಂಡ ತೀರಿಕೊಂಡ ಮೇಲೂ ಅವರ ಸಣ್ಣ ಕಾರನ್ನು ತಂಗಿಯೇ ಓಡಿಸುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಶೆಡ್ಡಿಗೆ ತಂದಳು.

“ಎಡಗಡೆ ಮುಂದೆ ಕೀಚ್ ಅಂತದೆ ಅಣ್ಣ. ಸರಿ ಆಗ್ಲಿಲ್ಲ ಅಂದ್ರೆ ಮಗ ಮಾರಿಬಿಡ್ತಾನಂತೆ.”

ನಾಲ್ಕೂ ಮೂಲೆ ಒತ್ತಿ ಕುಲುಕಿದೆ, ಸದ್ದಿಲ್ಲ. ಒಬ್ಬನೇ ಓಡಿಸಿದೆ, ಆಗಲೂ ಇಲ್ಲ.

“ನಿನ್ನ ಕಿವಿಗೇ ಗ್ರೀಸ್ ಹಚ್ಬೇಕು,” ಎಂದೆ.

“ಹಿಂದೆ ಕೂತ್ಕೋ, ಕೇಳಿಸ್ತೀನಿ.”

ಅವಳು ಓಡಿಸಿದಳು. ಚಕ್ರ ಗುಂಡಿಗೆ ಇಳಿದ ಮೇಲೆ ಬರಬೇಕಾದ ಸದ್ದು ಎರಡು ಮಾರು ಮೊದಲೇ ಬಂತು. ಪ್ರತಿ ಸಲವೂ ಹಾಗೇ. ಸದ್ದು ಕೇಳಿದೊಡನೆ ಅವಳು ಬ್ರೇಕ್ ಒತ್ತುತ್ತಿದ್ದಳು. ಮುಂದಿನ ಎಡ ಸೀಟು ಖಾಲಿ ಇತ್ತು. ಅದರ ಬೆನ್ನಿಗೆ ತಾಗಿದ ನನ್ನ ಮೊಣಕಾಲು ಮಾತ್ರ ಬೆಚ್ಚಗಾಗಿತ್ತು.

ಶೆಡ್ಡಿಗೆ ಬಂದು ಚಕ್ರಗಳ ಮೇಲಿನ ಸಂದಿಗೆ ಬೆರಳಿಟ್ಟು ಅಳೆದೆ. ಮೂರು ಕಡೆ ನಾಲ್ಕು ಬೆರಳು, ಎಡ ಮುಂದೆ ಭಾರಕ್ಕೆ ಕುಸಿದ ಹಾಗೆ ಮೂರೇ. ಬುಷ್, ಸ್ಪ್ರಿಂಗ್ ಎರಡೂ ಹೊಸದು ಹಾಕಿದೆ. ನಾಲ್ಕೂ ಕಡೆ ಸಮನಾಯಿತು.

“ಸದ್ದು ಹೋಯ್ತು ಅಂತ ಮಗನಿಗೆ ಹೇಳು,” ಎಂದೆ.

ಹೊರಡುವಾಗ ತಂಗಿ ಮೊದಲು ಎಡ ಬಾಗಿಲು ತೆರೆದು, ತುಸು ಹೊತ್ತು ಕಾದು, ಮೆಲ್ಲಗೆ ಮುಚ್ಚಿದಳು.

“ಅವ್ರಿಗೆ ಕಾಲು ನೋವಿತ್ತಲ್ಲ, ನಾನೇ ಹತ್ತಿಸ್ತಿದ್ದೆ. ಆ ಅಭ್ಯಾಸ ಹೋಗಿಲ್ಲ ನೋಡು.”

ಅವಳು ಆಚೆ ಬದಿಗೆ ಹೋಗುವಷ್ಟರಲ್ಲಿ ನಾನು ಎಡಗಡೆಯ ಸಂದಿಗೆ ಮತ್ತೆ ಬೆರಳಿಟ್ಟೆ. ಮೂರೇ ಹಿಡಿಯಿತು.