ಅಡುಗೆಮನೆಯಿಂದ ಬಂದ ಹಾಡು

ಡೋಲು ಹತ್ತಿರ ಬರುತ್ತಿತ್ತು... ರುದ್ರಾಣಿಯ ಎದೆ ಅದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು!

೧೯೭೮ರ ಜನವರಿ. ಕಾರವಾರದಿಂದ ದೋಣಿಯಲ್ಲಿ ಅರ್ಧ ಗಂಟೆ ದೂರದ ಸಣ್ಣ ದ್ವೀಪ. ಮರಳಿನ ಮೇಲೆ ಉದ್ದ ಕೂದಲಿನ ಹಿಪ್ಪಿಗಳು ದುಂಡಗೆ ಕುಳಿತಿದ್ದರು. ಅಲ್ಲಿ ಸಂಜೆಯ ಪದ್ಧತಿ ಒಂದೇ. ಡೋಲು ಕೈಯಿಂದ ಕೈಗೆ ಹೋಗುತ್ತದೆ. ಯಾರ ಮಡಿಲಿಗೆ ಬರುತ್ತದೋ ಅವರು ಹಾಡಬೇಕು. ಸಮುದ್ರ ನೋಡಲು ಚನ್ನಗಿರಿಯಿಂದ ಬಂದ ಗಂಡಹೆಂಡತಿಗೂ ಬಿಡುಗಡೆ ಇಲ್ಲ.

"ಇವತ್ತಾದ್ರೂ ಹಾಡ್ತೀಯಲ್ಲ?" ಗಂಡ ವಿರೂಪಾಕ್ಷ ಮೆಲ್ಲಗೆ ಕೇಳಿದ.

"ಗಂಟಲು ನೋವು ಐತೆ ರೀ..."

"ಮದುವೆ ಆದಾಗಿಂದ ಐತೆ." ಅವನು ಸಮುದ್ರದ ಕಡೆ ಮುಖ ತಿರುಗಿಸಿದ.

ರುದ್ರಾಣಿ ತಲೆ ತಗ್ಗಿಸಿದಳು. ಹೆಣ್ಣು ನೋಡಲು ಚನ್ನಗಿರಿಯಿಂದ ಅವಳ ಊರು ಗೋವಿನಕೋವಿಗೆ ಬಂದವರು, "ಹುಡುಗಿ ಒಂದು ಹಾಡು ಹೇಳ್ಲಿ" ಎಂದಿದ್ದರು. "ಅವಳಿಗೆ ನಾಚಿಕೆ. ಒಳಗಿಂದಾನೇ ಹಾಡ್ತಾಳೆ" ಎಂದು ಅವ್ವ ಬಾಗಿಲು ಮುಂದೆ ಮಾಡಿದ್ದಳು. ಒಳಗಿಂದ ಹಾಡಿದ್ದು ಅತ್ತಿಗೆ ಕೊಟ್ರಮ್ಮ! ಆ ದನಿಗೇ ಹುಡುಗ ಒಪ್ಪಿದ ಎಂದು ಎಲ್ಲರೂ ಹೇಳಿದರು.

ಮದುವೆಯಾದ ಮೇಲೆ ಅವನು ಹಾಡು ಕೇಳಿದಾಗಲೆಲ್ಲ ಅವಳು ಗಂಟಲು ಹಿಡಿದುಕೊಂಡಳು. ಅಡಿಕೆ ಮಂಡಿಯಿಂದ ದಣಿದು ಬಂದವನು ತಾನೇ ಮೆಣಸಿನ ಕಷಾಯ ಕಾಸಿ ಕೊಡುತ್ತಿದ್ದ. ಒಂದೊಂದು ಗುಟುಕೂ ಅವಳನ್ನು ಸುಡುತ್ತಿತ್ತು.

'ಇಂಥವನಿಗೆ ಇನ್ನೂ ಎಷ್ಟು ದಿನ ಮೋಸ ಮಾಡಲಿ?'

ಡೋಲು ಪಕ್ಕದವನ ಕೈಗೆ ಬಂತು.

"ರೀ... ಅವತ್ತು ಹಾಡಿದ್ದು ನಾನಲ್ಲ. ನಮ್ಮ ಅತ್ತಿಗೆ. ನಂಗೆ ಹಾಡಾಕೆ ಬರಲ್ಲ. ಬೇಕಾದ್ರೆ ತವರಿಗೆ ಕಳಿಸಿಬಿಡ್ರಿ..."

ಅವನು ಅವಳ ಕಡೆ ತಿರುಗಿದ.

ಡೋಲು ಅವಳ ಮಡಿಲಿಗೆ ಬಿತ್ತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳಿಗೆ ಬರುತ್ತಿದ್ದುದು ಒಂದೇ: ಕಣದಲ್ಲಿ ಭತ್ತ ಅಳೆಯುವಾಗ ಅಪ್ಪ ರಾಗ ಎಳೆದು ಹೇಳುತ್ತಿದ್ದ ಎಣಿಕೆ. ಅದರಲ್ಲಿ ಮೊದಲ ಅಳತೆಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ.

"ಲಾಭಾ... ಎರಡೂ... ಮೂರೂ..."

ದನಿ ಒಡೆಯಿತು. ಆದರೂ ನಿಲ್ಲಿಸಲಿಲ್ಲ.

"ಲಾಭಾ!" ಹಿಪ್ಪಿಗಳೆಲ್ಲ ಒಟ್ಟಿಗೆ ಕೂಗಿ ಚಪ್ಪಾಳೆ ತಟ್ಟಿದರು.

ವಿರೂಪಾಕ್ಷ ಹೊಟ್ಟೆ ಹಿಡಿದು ನಕ್ಕ. ನಕ್ಕು ಕಣ್ಣೊರೆಸಿಕೊಂಡ.

"ನಂಗೆ ಅವತ್ತೇ ಗೊತ್ತಿತ್ತು ಕಣೆ."

"ಹೆಂಗೆ?!"

"ಹಾಡು ಅಡುಗೆಮನೆಯಿಂದ ಬರ್ತಿತ್ತು. ನೀನು ನೋಡಿದ್ರೆ ಪಕ್ಕದ ಕೋಣೆ ಕಿಟಕಿ ಹತ್ರ ನಿಂತು ಮಂಡಕ್ಕಿ ಮುಕ್ಕುತ್ತಿದ್ದೆ! ಎರಡೂ ಕೆನ್ನೆ ಉಬ್ಬಿದ್ವು. ಅದನ್ನ ನೋಡೇ ಒಪ್ಪಿದ್ದು."

"ಮತ್ತೆ ಆ ಕಷಾಯ...?"

"ಸುಳ್ಳು ಹೇಳಿದ್ದಕ್ಕೆ ಶಿಕ್ಷೆ!" ಎಂದವನ ನಗು ಅಲ್ಲೇ ನಿಂತಿತು. "ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾಯ್ತಿದ್ದೆ ರುದ್ರಾಣಿ. ನನ್ನ ಮೇಲೆ ನಂಬಿಕೆ ಇಲ್ವೇನೋ ಅನ್ಸೋದು."

"ತಪ್ಪಾಯ್ತು ರೀ..." ಅವಳ ಕಣ್ಣೀರು ಡೋಲಿನ ಚರ್ಮದ ಮೇಲೆ ಬಿತ್ತು. "ಹೆದರಿಕೆ ಇತ್ತು. ನಿಮ್ಮನ್ನ ಕಳಕೊಂಡುಬಿಡ್ತೀನಿ ಅಂತ."

ಅವನು ಡೋಲನ್ನು ಮುಂದಿನವರಿಗೆ ದಾಟಿಸಿ, ಚೀಲಕ್ಕೆ ಕೈ ಹಾಕಿದ.

"ಇವತ್ತೂ ಕಷಾಯಾನಾ?" ಅವಳು ಮೂಗೆಳೆದುಕೊಂಡಳು.

"ಇಲ್ಲ. ಮಂಡಕ್ಕಿ ಐತೆ. ಬಾಯಿ ತೆಗಿ."